ಕ್ರೇಗೀವರ್‌ನ ಬೋಳು ಗೋಡೆ: ಇಬ್ಬರು ಕಟ್ಟಿಸಿದರೆಂಬ ವಾದದ ಮರುಪರಿಶೀಲನೆ

ಸ್ಕಾಟ್ಲೆಂಡಿನ ಅಬರ್ಡೀನ್‌ಶೈರಿನಲ್ಲಿರುವ ಕ್ರೇಗೀವರ್ ಸೌಧದ ಚರಿತ್ರೆಯ ಹೊರರೇಖೆಯ ಬಗ್ಗೆ ತಕರಾರಿಲ್ಲ. ಮಾರ್ಟಿಮರ್ ಮನೆತನದ ಕೈಯಲ್ಲಿದ್ದ ಈ ಆಸ್ತಿಯನ್ನು, ಡಾಂಜಿಗ್ ಮೂಲಕ ಬಾಲ್ಟಿಕ್ ವ್ಯಾಪಾರ ನಡೆಸಿ ಹಣವಂತನಾಗಿದ್ದ ವಿಲಿಯಂ ಫೋರ್ಬ್ಸ್ 1610ರಲ್ಲಿ ಕೊಂಡ. 1626ರ ಹೊತ್ತಿಗೆ ಕೆಲಸ ಮುಗಿಯಿತು, ಮರುವರ್ಷವೇ ಆತ ತೀರಿಕೊಂಡ. 1963ರಿಂದ ಸೌಧ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿನ ವಶದಲ್ಲಿದೆ. ಇಂಥ ಗೋಪುರಮನೆಗಳನ್ನು ಮ್ಯಾಕ್‌ಗಿಬನ್ ಮತ್ತು ರಾಸ್ ತಮ್ಮ ಐದು ಸಂಪುಟಗಳಲ್ಲಿ (1887–92) ಕೋಟೆಗಳ ವಂಶಾವಳಿಯಲ್ಲಿಟ್ಟು ನೋಡಿದರು. ಚಾರ್ಲ್ಸ್ ಮೆಕೀನ್ 2001ರಲ್ಲಿ ಅದನ್ನು ತಿರುವುಹಾಕಿ, ಇವು ಪುನರುಜ್ಜೀವನ ಕಾಲದ ಸಿರಿವಂತರ ವಾಸದ ಸೌಧಗಳೆಂದೂ ಯುದ್ಧಲಕ್ಷಣಗಳು ಬಹುಮಟ್ಟಿಗೆ ಅಂತಸ್ತಿನ ಗುರುತುಗಳೆಂದೂ ವಾದಿಸಿದರು. ಕ್ರೇಗೀವರ್‌ನ ಮೇಲ್ಭಾಗದಲ್ಲಿ ಮಳೆನೀರು ಹೊರಹಾಕುವ ಕಲ್ಲಿನ ಕೊಳವೆಗಳಿಗೆ ಫಿರಂಗಿಯ ಆಕಾರವಿರುವುದನ್ನು ಕಂಡವರಿಗೆ ಮೆಕೀನ್ ಮಾತು ಒಪ್ಪಿಗೆಯಾಗುತ್ತದೆ. ಆದರೂ ಇರುವ ಒಂದೇ ಬಾಗಿಲಿಗೆ ನಿಜವಾದ ಕಬ್ಬಿಣದ ಜಾಲರಿ ಕದವಿದೆ. ಅದು ಬರೀ ತೋರಿಕೆಯದಲ್ಲ.

ನನ್ನ ತಕರಾರು ಬೇರೆ ಕಡೆ. ಕೆಳಗಿನ ಗೋಡೆಗಳು ಬೋಳು; ಮೇಲೆ ಚಾಚುಗಲ್ಲು, ಮೂಲೆಗೋಪುರ, ಶಂಕುವಿನಾಕಾರದ ಮಾಡುಗಳ ಸಂದಣಿ. ಈ ವ್ಯತ್ಯಾಸವನ್ನು ಹಿಡಿದು, ಕೆಳಗಿನದು ಹಣ ಸಾಲದೆ ನಿಂತ ಮಾರ್ಟಿಮರ್ ಕಟ್ಟಡ, ಮೇಲಿನದು ಫೋರ್ಬ್ಸ್ ಹೇರಿದ ಕಿರೀಟ ಎನ್ನುವುದು ರೂಢಿ. ಮಾರ್ಟಿಮರ್ ಕೆಲಸ ಶುರುಮಾಡಿದ್ದರೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅದಕ್ಕೆ ಈ ನೋಟವನ್ನೇ ಪುರಾವೆಯಾಗಿ ಒಡ್ಡುವುದನ್ನು ಮಾತ್ರ ಒಪ್ಪಲಾರೆ.

ಮೊದಲನೆಯದಾಗಿ, ಇದೇ ವ್ಯತ್ಯಾಸ ಕ್ರೇಥಿಸ್‌ನಲ್ಲೂ ಇದೆ. 1553ರಲ್ಲಿ ಆರಂಭವಾಗಿ 1596ರಲ್ಲಿ ಮುಗಿದ ಆ ಸೌಧ ಉದ್ದಕ್ಕೂ ಬರ್ನೆಟ್ ಮನೆತನದ್ದೇ. ಅಲ್ಲಿ ಒಡೆತನ ಕೈ ಬದಲಾಗಲಿಲ್ಲ. ಬೋಳು ಬುಡ, ಬೆಡಗಿನ ನೆತ್ತಿ ಮಾತ್ರ ಹಾಗೆಯೇ ಇವೆ. ನಲವತ್ತಕ್ಕೂ ಹೆಚ್ಚು ವರ್ಷ ಎಳೆದ ಕೆಲಸದಲ್ಲಿ ನಕ್ಷೆ ನಡುವೆ ಬದಲಾಗಿರಬಹುದೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ಆಗಲೂ ನೋಟ ಕಾಲದ ಬಗ್ಗೆ ಏನಾದರೂ ಹೇಳೀತು, ಒಡೆಯನ ಬಗ್ಗೆ ಹೇಳದು.

ಎರಡನೆಯ ಅಂಶ ಹೆಚ್ಚು ತೂಕದ್ದು. ಕ್ರೇಗೀವರ್‌ನ ಗೋಡೆಮೂಲೆಗಳು ಚೂಪಾಗಿಲ್ಲ, ದುಂಡಗಿವೆ. ಮೇಲೆ ದುಂಡು ಗೋಪುರಗಳು ಚಾಚಿಕೊಳ್ಳುವುದು ಇಂಥ ಮೂಲೆಗಳ ಮೇಲೆಯೇ. ಹಾಗಿದ್ದರೆ ಬುಡದ ಕಲ್ಲಿಡುವಾಗಲೇ ಮೇಸ್ತ್ರಿಯ ಮನಸ್ಸಿನಲ್ಲಿ ನೆತ್ತಿಯ ರೂಪವಿತ್ತೆಂದು ಊಹಿಸಬಹುದು. ಅರ್ಥಾತ್ ಇಡೀ ಸೌಧ ಒಂದೇ ಕಲ್ಪನೆಯ ಕೂಸಾಗಿರಬಹುದು. ಇದನ್ನು ಅಳುಕಿನಿಂದಲೇ ಹೇಳುತ್ತಿದ್ದೇನೆ. ದುಂಡು ಮೂಲೆ ಆ ಸೀಮೆಯ ರೂಢಿಯೂ ಹೌದು, ಕ್ರೇಥಿಸ್‌ನಲ್ಲೂ ಅದಿದೆ. ಮಾರ್ಟಿಮರ್ ಮೇಸ್ತ್ರಿಯೇ ಅಂಥ ನೆತ್ತಿಯನ್ನು ಯೋಜಿಸಿ, ಫೋರ್ಬ್ಸ್ ಅದನ್ನು ಬರೀ ನೆರವೇರಿಸಿರಲೂಬಹುದು. ಹಾಗಾದರೆ ಸೌಧದ ಕೀರ್ತಿಯ ದೊಡ್ಡ ಪಾಲು ಸೋತ ಮನೆತನಕ್ಕೇ ಸಲ್ಲಬೇಕಾಗುತ್ತದೆ!

ಒಳಗಿನ ಗಾರೆ ಚಾವಣಿಯ 1626ರ ಇಸವಿ ಇಲ್ಲಿ ಹೆಚ್ಚು ನೆರವಾಗದು. ಗ್ಲಾಮಿಸ್ ಮತ್ತು ಮಕಲ್ಸ್ ಸೌಧಗಳ ಚಾವಣಿಗಳಲ್ಲಿ ಬಳಸಿದ ಅಚ್ಚುಗಳೇ ಇಲ್ಲೂ ಕಾಣುವುದರಿಂದ, ಸಂಚಾರಿ ಗಾರೆಗಾರರ ತಂಡವೊಂದರ ಜಾಡು ಸಿಗುತ್ತದೆ. ಅದು ಅಲಂಕಾರದ ಕಾಲ, ಗೋಡೆಯದಲ್ಲ. ಕೊಂಡ ವರ್ಷಕ್ಕೂ ಈ ಇಸವಿಗೂ ನಡುವಿನ ಹದಿನಾರು ವರ್ಷ ನೆತ್ತಿಯೊಂದನ್ನೇ ಕಟ್ಟಲು ತೀರಾ ಹೆಚ್ಚೆನಿಸುತ್ತದೆ, ಆದರೆ ವ್ಯಾಪಾರಿಯ ಹಣ ಯಾವಾಗಲೂ ಒಂದೇ ಹರಿವಿನಲ್ಲಿ ಬರುವುದಿಲ್ಲ.

ಮೇಸ್ತ್ರಿ ಯಾರೆಂಬ ಪ್ರಶ್ನೆ ಇದಕ್ಕೆ ಹೆಣೆದುಕೊಂಡಿದೆ. ಕ್ಯಾಸಲ್ ಫ್ರೇಸರ್‌ನ ಫಲಕದಲ್ಲಿ ಐ. ಬೆಲ್ ಎಂಬ ಹೆಸರು ಕೆತ್ತಿದೆ. ಕ್ರೇಗೀವರನ್ನು ಬೆಲ್ ಕುಟುಂಬಕ್ಕೆ ಒಪ್ಪಿಸಿರುವುದು ಶೈಲಿಯ ಹೋಲಿಕೆಯಿಂದ. ಬೆಲ್‌ಗಳು ಬುಡದಿಂದಲೇ ಇದ್ದರೋ ನಡುವೆ ಬಂದು ಸೇರಿದರೋ ಎಂಬುದನ್ನು ಶೈಲಿಯೊಂದೇ ತೀರ್ಮಾನಿಸದು. ಗುಲಾಬಿ ಬಣ್ಣದ ಗಿಲಾವಿನ ಹಿಂದೆ ಕಲ್ಲಿನ ವರಸೆ ಎಲ್ಲಾದರೂ ಮುರಿದಿದೆಯೇ, ಸುಣ್ಣದ ಮಿಶ್ರಣ ಬದಲಾಗಿದೆಯೇ ಎಂಬುದನ್ನು ಅಂತಸ್ತು ಅಂತಸ್ತಾಗಿ ಅಳೆದು ನೋಡಿದವರಿಗೆ ನನ್ನ ಊಹೆಯನ್ನು ಸುಳ್ಳುಮಾಡುವ ಅವಕಾಶ ತೆರೆದೇ ಇದೆ.