ಪ್ರೌಢಶಾಲೆಗಳಲ್ಲಿ ಪೌರನೀತಿ ಮತ್ತು ರಾಜ್ಯಾಂಗೇತಿಹಾಸ

ವಿದ್ಯೆಯೆಂಬುದು ಕೇವಲ ಉದರಪೋಷಣೆಗೆ ಸಾಧನವಾದುದಲ್ಲ. ನೆರೆಹೊರೆಯವರೊಡನೆ ನ್ಯಾಯವಾಗಿ ಬಾಳುವ ಬಗೆಯನ್ನು ಕಲಿಸುವುದೂ ಅದರ ಮುಖ್ಯ ಪ್ರಯೋಜನಗಳಲ್ಲೊಂದೆಂದು ಹಿರಿಯರು ಒಪ್ಪಿರುತ್ತಾರೆ. ಈ ಶಿಕ್ಷಣವು ಮನೆಯಲ್ಲಿ ತಾಯಿತಂದೆಗಳಿಂದಲೂ ಮಠದಲ್ಲಿ ಗುರುಹಿರಿಯರಿಂದಲೂ ದೊರೆಯುವುದು. ರಾಜ್ಯದ ವಿಷಯದಲ್ಲಾದರೋ ಅದು ಶಾಲೆಯಲ್ಲಿಯೇ ದೊರೆಯಬೇಕಾಗಿರುವುದು. ಆ ಪಾಠಕ್ಕೆ ಹಿಂದೆ ಪೌರನೀತಿಯೆಂಬ ಹೆಸರಿದ್ದಿತು. ಈಗ ಕರ್ನಾಟಕದ ಪ್ರೌಢಶಾಲೆಗಳ ಸಮಾಜ ವಿಜ್ಞಾನದಲ್ಲಿ ರಾಜ್ಯಶಾಸ್ತ್ರವೆಂಬ ಒಂದು ಭಾಗವಾಗಿ ಅದು ನಿಂತಿದೆ. ಹೆಸರು ಬದಲಾದಂತೆ ಅದರ ಉದ್ದೇಶವೂ ಬದಲಾಯಿತೆ? ಪ್ರಜೆಯನ್ನು ವಿಧೇಯನನ್ನಾಗಿ ಮಾಡಲು ಹೊರಟ ಪಾಠವು ಅವನನ್ನು ವಿವೇಕಿಯನ್ನಾಗಿ ಮಾಡುವ ಪಾಠವಾಯಿತೆ? ಇದೇ ಪ್ರಕೃತ ವಿಚಾರಣೀಯವಾದ ವಿಷಯವು.

ಈ ಪಾಠದ ಹಳೆಯ ರೂಪವನ್ನು ಅರಿಯಲು 1897ರಲ್ಲಿ ಪ್ರಕಟವಾದ ‘ದಿ ಸಿಟಿಜನ್ ಆಫ್ ಇಂಡಿಯ’ ಎಂಬ ಪುಸ್ತಕವನ್ನು ನೋಡಬೇಕು. ಇದನ್ನು ಭಾರತದ ವಿದ್ಯಾರ್ಥಿಗಳಿಗಾಗಿ ಬರೆದವರು ಸರ್ ವಿಲಿಯಂ ಲೀ ವಾರ್ನರ್. ಅವರು ಮುಂಬಯಿ ಪ್ರಾಂತದ ಅಧಿಕಾರಿಗಳಾಗಿದ್ದು ಕೆಲವು ಕಾಲ ಮೈಸೂರಿನಲ್ಲಿ ರೆಸಿಡೆಂಟರಾಗಿಯೂ ಇದ್ದವರು. ಹಳ್ಳಿ, ಪಟ್ಟಣ, ಜಿಲ್ಲೆ, ಪ್ರಾಂತಗಳ ಆಡಳಿತವನ್ನು ಕ್ರಮವಾಗಿ ತಿಳಿಸುವ ಗುಣವು ಆ ಪುಸ್ತಕಕ್ಕೆ ಇದ್ದಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆಂಗ್ಲ ಪ್ರಭುತ್ವದಿಂದ ಪ್ರಜೆಗಳಿಗಾದ ಉಪಕಾರವನ್ನು ಮನಗಾಣಿಸುವುದೇ ಅದರ ಒಟ್ಟಿನ ಆಶಯವಾಗಿದ್ದಿತು. ಪುಸ್ತಕದ ಹೆಸರು ಪೌರನದು. ಅದನ್ನು ಓದುವ ಬಾಲಕನಿಗಾದರೋ ತನ್ನನ್ನು ಆಳುವವರನ್ನು ಆರಿಸುವ ಹಕ್ಕಿರಲಿಲ್ಲ, ಮುಂದೆ ಬರುವುದೆಂಬ ಭರವಸೆಯೂ ಇರಲಿಲ್ಲ. ಉಪಕಾರಸ್ಮರಣೆಯೂ ವಿಧೇಯತೆಯೂ ಅವನ ಪಾಲಿಗೆ ಬಂದವು, ವಿಚಾರವು ಬರಲಿಲ್ಲ.

ಮೈಸೂರು ಸೀಮೆಯ ಮಹಾಜನರಿಗಾದರೋ ಈ ಪುಸ್ತಕಕ್ಕಿಂತ 16 ವರ್ಷಗಳ ಮೊದಲೇ ಬೇರೊಂದು ಬಗೆಯ ಪಾಠಶಾಲೆಯು ತೆರೆದಿದ್ದಿತು. 1881ರ ಮಾರ್ಚ್ ತಿಂಗಳಲ್ಲಿ ರಾಜ್ಯಾಧಿಕಾರವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತಷ್ಟೆ. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲುರವರು 144 ಮಂದಿ ಸದಸ್ಯರುಳ್ಳ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಕೂಡಿಸಿದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ಆಡಳಿತದ ವರದಿಯನ್ನು ಓದುವುದು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳುವುದು, ಇಷ್ಟೇ ಅದರ ವ್ಯವಹಾರವಾಗಿದ್ದಿತು. 1891ರಲ್ಲಿ ಸದಸ್ಯರನ್ನು ಚುನಾಯಿಸುವ ಪದ್ಧತಿಯು ಬಂದಿತು. ಆ ಹಕ್ಕು ದೊರೆತುದು ಕೆಲವರಿಗೆ ಮಾತ್ರ. 1907ರಲ್ಲಿ ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲವು ಒದಗಿತು. ಕಡೆಗೆ 1947ರಲ್ಲಿ ‘ಮೈಸೂರು ಚಲೋ’ ಚಳವಳಿಯ ತರುವಾಯ, ಅಕ್ಟೋಬರ್ ತಿಂಗಳಲ್ಲಿ, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಅರಿಕೆಯು ಹಕ್ಕಾಗುವುದಕ್ಕೆ 66 ವರ್ಷಗಳು ಹಿಡಿದವೆಂದಾಯಿತು. ಈ ಕ್ರಮವನ್ನು ಅರಿತ ವಿದ್ಯಾರ್ಥಿಯು ಮತದ ಚೀಟಿಯನ್ನು ಹಗುರವಾಗಿ ಕಾಣಲಾರನು.

ಇದೇ ಕಾಲದಲ್ಲಿ ದೆಹಲಿಯಲ್ಲಿ ಸಂವಿಧಾನ ರಚನಾಸಭೆಯು ನಡೆಯುತ್ತಿದ್ದಿತು. 1946ರ ಡಿಸೆಂಬರ್ 9ರಂದು ಆರಂಭವಾದ ಆ ಸಭೆಯು 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. 1950ರ ಜನವರಿ 26ರಂದು ಅದು ಜಾರಿಗೆ ಬಂದಿತು. ಆಗ ಅದರಲ್ಲಿದ್ದುವು 395 ವಿಧಿಗಳು, 8 ಅನುಸೂಚಿಗಳು. ಕರಡು ಸಮಿತಿಯ ಅಧ್ಯಕ್ಷರು ಡಾ. ಬಿ. ಆರ್. ಅಂಬೇಡ್ಕರ್ ಅವರೆಂಬುದು ಸರ್ವವಿದಿತ. ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾಯರು ಮಂಗಳೂರಿನಲ್ಲಿ ಹುಟ್ಟಿದವರೆಂಬುದೂ, ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಕರಡು ಸಮಿತಿಯ ಸದಸ್ಯರಾಗಿದ್ದರೆಂಬುದೂ ಕನ್ನಡ ನಾಡಿನ ಮಕ್ಕಳು ಅರಿಯತಕ್ಕ ಸಂಗತಿಗಳು.

ಇವೆಲ್ಲಕ್ಕಿಂತಲೂ ಉಪಯುಕ್ತವಾದ ಪಾಠವೊಂದು ಆ ಸಭೆಯ ಕಡೆಯ ದಿನಗಳಲ್ಲಿ ದೊರೆಯುತ್ತದೆ. ಮೈಸೂರಿನ ಪ್ರತಿನಿಧಿಗಳಾದ ಕೆ. ಹನುಮಂತಯ್ಯನವರು ಎದ್ದು ನಿಂತು, ವೀಣೆ ಸಿತಾರುಗಳ ನಾದವನ್ನು ಬಯಸಿದವರಿಗೆ ಆಂಗ್ಲರ ಬ್ಯಾಂಡಿನ ವಾದ್ಯವು ಕೇಳಿಬರುತ್ತಿದೆಯೆಂಬ ಅರ್ಥದ ಮಾತನ್ನಾಡಿದರು. ಸಂವಿಧಾನವು ಈ ನೆಲದ ಸಂಸ್ಕಾರದಿಂದ ಸಾಕಷ್ಟು ಬೆಳೆದು ಬರಲಿಲ್ಲವೆಂಬುದು ಅವರ ಆಕ್ಷೇಪಣೆ. ಹಾಗೆ ಆಕ್ಷೇಪಿಸಿದವರೇ ಮುಂದೆ 1952ರಲ್ಲಿ ಅದೇ ಸಂವಿಧಾನದ ಮೇರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿ ಆಡಳಿತ ನಡೆಸಿದರು. ಆಕ್ಷೇಪಣೆಯು ದ್ರೋಹವಲ್ಲ, ನಿಷ್ಠೆಯು ಮೌನವಲ್ಲ ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವು ಬೇಕಿಲ್ಲ.

ನವೆಂಬರ್ 25ರಂದು ಅಂಬೇಡ್ಕರ್ ಅವರು ಮಾಡಿದ ಸಮಾಪ್ತಿಯ ಭಾಷಣದಲ್ಲಿ ಎರಡು ಎಚ್ಚರಿಕೆಗಳಿದ್ದುವು. ಮತದಲ್ಲಿ ಸಮಾನತೆಯೂ ಬಾಳಿನಲ್ಲಿ ಅಸಮಾನತೆಯೂ ಬಹುಕಾಲ ಜೊತೆಯಾಗಿ ನಡೆಯಲಾರವೆಂಬುದು ಒಂದು. ಧರ್ಮಮಾರ್ಗದಲ್ಲಿ ಭಕ್ತಿಯು ಮುಕ್ತಿಗೆ ದಾರಿಯಾಗಬಹುದಾದರೂ ರಾಜಕಾರಣದಲ್ಲಿ ವ್ಯಕ್ತಿಭಕ್ತಿಯು ಅಧಃಪತನಕ್ಕೆ ದಾರಿಯೆಂಬುದು ಇನ್ನೊಂದು. ಭಕ್ತಜನರು ಈ ಎರಡನೆಯ ಮಾತನ್ನು ವಿಶೇಷವಾಗಿ ಮನನ ಮಾಡತಕ್ಕುದು. ಗುರುವಿನ ಸನ್ನಿಧಿಯಲ್ಲಿ ಬಾಗುವ ತಲೆಯು ಅಧಿಕಾರದ ಮುಂದೆ ವಿಚಾರಿಸದೆ ಬಾಗಬಾರದು. ಇವೆರಡರ ಭೇದವನ್ನು ಬಾಲ್ಯದಲ್ಲಿಯೇ ತಿಳಿಸಿಕೊಡುವ ಪಾಠವೇ ನಿಜವಾದ ಪೌರನೀತಿ.

ಸಂವಿಧಾನವು ಜಾರಿಗೆ ಬಂದ ಮೇಲೆ ಈ ಪಾಠದ ಹೊಣೆಯು ಹೆಚ್ಚಿತು. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಆದರೂ 1951–52ರ ಮೊದಲ ಮಹಾಚುನಾವಣೆಯಲ್ಲಿ ಮತದ ಹಕ್ಕುಳ್ಳವರು 17 ಕೋಟಿಗೂ ಮಿಕ್ಕಿದ್ದರು. 1952ರಲ್ಲಿ ನೇಮಕವಾದ, ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗವು ಮರುವರ್ಷ ವರದಿಯನ್ನೊಪ್ಪಿಸಿತು. ಪ್ರಜಾಪ್ರಭುತ್ವಕ್ಕೆ ತಕ್ಕ ಪೌರರನ್ನು ಸಿದ್ಧಗೊಳಿಸುವುದು ಶಿಕ್ಷಣದ ಪ್ರಧಾನ ಗುರಿಗಳಲ್ಲೊಂದೆಂದೂ, ಸತ್ಯವನ್ನು ಸುಳ್ಳಿನಿಂದ ಬೇರ್ಪಡಿಸಿ ನೋಡುವ ಶಕ್ತಿಯು ಅಂಥವರಿಗೆ ಇರಬೇಕೆಂದೂ ಅದು ವಿವರಿಸಿತು.

ಗುರಿಯು ಹೀಗಿದ್ದರೂ ತರಗತಿಯ ನಡೆಯು ಬೇಗ ಬದಲಾಗಲಿಲ್ಲ. ರಾಷ್ಟ್ರಪತಿಯ ಅರ್ಹತೆಗಳೇನು, ರಾಜ್ಯಸಭೆಯ ಅವಧಿಯೆಷ್ಟು, ಮೂಲಭೂತ ಹಕ್ಕುಗಳಾವುವು ಎಂಬ ಪಟ್ಟಿಗಳೇ ಪರೀಕ್ಷೆಯ ಉತ್ತರಗಳಾದುವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಪೌರನೀತಿಯೆಂಬ ವಿಷಯವು ಪರಕೀಯರ ಆಳ್ವಿಕೆಯಲ್ಲಿ ವಿಧೇಯತೆಯನ್ನು ಬೆಳೆಸಲು ಬಂದುದೆಂದು ನೆನಪಿಸಿ, ಅದಕ್ಕೆ ಬದಲಾಗಿ ರಾಜ್ಯಶಾಸ್ತ್ರವೆಂಬ ಹೆಸರನ್ನು ಸೂಚಿಸಿತು. ಲೀ ವಾರ್ನರ್ ಅವರ ಪುಸ್ತಕದಿಂದ ಈ ಮಾತಿನವರೆಗೆ 108 ವರ್ಷಗಳು ಕಳೆದಿದ್ದುವು.

ಕಂಠಪಾಠವು ನಿಂದ್ಯವಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಅಮರಕೋಶವೂ ಸೂತ್ರಗಳೂ ಮೊದಲು ಬಾಯಿಗೆ ಬರಬೇಕು. ಆದರೆ ಅಲ್ಲಿ ಕಲಿಕೆಯು ಅಷ್ಟಕ್ಕೆ ಮುಗಿಯುವುದಿಲ್ಲ. ಸೂತ್ರದ ಬಳಿಕ ವೃತ್ತಿ, ಅದರ ಬಳಿಕ ಭಾಷ್ಯ. ಪೂರ್ವಪಕ್ಷವನ್ನು ಬಲವಾಗಿ ಮಂಡಿಸಿ, ಅದಕ್ಕೆ ಸಮಾಧಾನ ಹೇಳಿ, ಆಮೇಲೆ ಸಿದ್ಧಾಂತ. ಸಂವಿಧಾನದ ಪಾಠವು ಸೂತ್ರದಲ್ಲಿಯೇ ನಿಂತುಹೋಗಿರುವುದು ದೋಷ. ಅದರ ಭಾಷ್ಯವೆಂದರೆ ಅದರ ಇತಿಹಾಸವೇ. ಹನುಮಂತಯ್ಯನವರ ಮಾತು ಪೂರ್ವಪಕ್ಷವಾದರೆ ಸಭೆಯ ನಿರ್ಣಯವು ಸಿದ್ಧಾಂತ. ಎರಡನ್ನೂ ಕೇಳಿದ ಶಿಷ್ಯನಿಗೆ ಮಾತ್ರ ಅರ್ಥವು ಮನಸ್ಸಿನಲ್ಲಿ ನಿಲ್ಲುವುದು.

ಇದಕ್ಕೆ 45ನೆಯ ವಿಧಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಂವಿಧಾನವು ಜಾರಿಗೆ ಬಂದ 10 ವರ್ಷಗಳೊಳಗೆ 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕುದೆಂದು ಅದರಲ್ಲಿ ಬರೆದಿದ್ದಿತು. 1960 ಬಂದಿತು, ಹೋಯಿತು. ಆ ಮಾತು ಈಡೇರಲಿಲ್ಲ. 1992ರಲ್ಲಿ, ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಅಧಿಕ ಶುಲ್ಕದ ವಿಷಯವಾಗಿ ವಿದ್ಯಾರ್ಥಿನಿಯೊಬ್ಬಳು ಹೂಡಿದ ದಾವೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವು ಹಕ್ಕೆಂದು ಸಾರಿತು. ಮರುವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಖಚಿತಗೊಳಿಸಿತು. 2002ರ 86ನೆಯ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗಾಗಿ 21ಎ ವಿಧಿಯು ಸೇರಿತು. ಅದಕ್ಕೆ ತಕ್ಕ ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಹತ್ತು ವರ್ಷಗಳ ಮಾತು ಅರುವತ್ತು ವರ್ಷಗಳಿಗೆ ಕಾಯಿದೆಯಾಯಿತು. ತಾನು ಕುಳಿತಿರುವ ಬೆಂಚು ಯಾರೋ ದಯೆಗೈದು ಕೊಟ್ಟುದಲ್ಲವೆಂಬುದನ್ನು ಬಾಲಕನು ಈ ಕಥೆಯಿಂದ ಅರಿಯುವನು. ಬರೆದಿಟ್ಟ ಹಕ್ಕು ತಾನಾಗಿ ನಡೆದು ಬರುವುದಿಲ್ಲವೆಂಬುದನ್ನೂ ಅರಿಯುವನು.

ಶಾಲೆಯೂ ಸಂವಿಧಾನಕ್ಕೆ ಹೊರತಾದುದಲ್ಲ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ರಾಷ್ಟ್ರಗೀತೆಯ ಸಮಯದಲ್ಲಿ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ಮತದ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ತೀರ್ಪಿತ್ತಿತು. ಗೌರವವು ಒಂದು, ಬಲಾತ್ಕಾರವು ಇನ್ನೊಂದು ಎಂಬ ಈ ವಿವೇಕವನ್ನು ಧರ್ಮವನ್ನು ಆಚರಿಸುವವರೆಲ್ಲರೂ ಆದರಿಸತಕ್ಕುದು. ಅಲ್ಪಸಂಖ್ಯೆಯವರ ಅಂತಃಕರಣಕ್ಕೆ ದೊರೆತ ರಕ್ಷಣೆಯೇ ಎಲ್ಲರ ಅಂತಃಕರಣಕ್ಕೂ ರಕ್ಷಣೆ.

ಹಕ್ಕುಗಳನ್ನು ಕಲಿಸಿದರೆ ಕರ್ತವ್ಯವು ಮರೆತುಹೋಗುವುದೆಂದು ಕೆಲವರು ಆಕ್ಷೇಪಿಸುವುದುಂಟು. 1976ರ 42ನೆಯ ತಿದ್ದುಪಡಿಯಿಂದ 10 ಮೂಲಭೂತ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದುವು. 2002ರಲ್ಲಿ ಹನ್ನೊಂದನೆಯದು ಸೇರಿತು. ಆದರೆ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಅವುಗಳಲ್ಲಿಯೇ ಒಂದು. ಪ್ರಶ್ನಿಸುವುದೇ ಕರ್ತವ್ಯವೆಂದು ಸಂವಿಧಾನವು ಹೇಳಿರುವಾಗ ಪ್ರಶ್ನಿಸದಂತೆ ತಡೆಯುವ ಪಾಠವು ಕರ್ತವ್ಯದ ಪಾಠ ಹೇಗಾದೀತು?

2015ರಿಂದ ನವೆಂಬರ್ 26ನ್ನು ಸಂವಿಧಾನ ದಿನವಾಗಿ ಆಚರಿಸಲಾಗುತ್ತಿದೆ. 2023ರ ಸೆಪ್ಟೆಂಬರ್ 15ರಂದು ಕರ್ನಾಟಕದಾದ್ಯಂತ ಸಂವಿಧಾನದ ಪ್ರಸ್ತಾವನೆಯ ಸಾಮೂಹಿಕ ವಾಚನವು ನಡೆಯಿತು. ಇವು ಶುಭೋಪಕ್ರಮಗಳೇ. ಆದರೆ ಮಂತ್ರವನ್ನು ಉಚ್ಚರಿಸಿದವನೆಲ್ಲ ಮಂತ್ರಾರ್ಥವನ್ನು ಬಲ್ಲವನಲ್ಲ. ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಗ್ರಾಮಸಭೆಗೆ ಕರೆದೊಯ್ದು, ಅಲ್ಲಿ ಯಾರು ಮಾತನಾಡಿದರು, ಯಾರು ಸುಮ್ಮನಿದ್ದರು, ಯಾರು ಬರಲೇ ಇಲ್ಲ ಎಂಬುದನ್ನು ಬರೆದು ತರುವಂತೆ ಹೇಳಬಹುದು. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ 17ನೆಯ ವಿಧಿಯನ್ನು ಓದಿಸಿದ ದಿನವೇ ಊರಿನ ಬಾವಿ, ಹೋಟಲು, ಕ್ಷೌರದಂಗಡಿಗಳಲ್ಲಿ ಅದು ಎಷ್ಟರಮಟ್ಟಿಗೆ ನಡೆದಿದೆಯೆಂದು ವಿಚಾರಿಸಿಕೊಂಡು ಬರಲು ಕಳುಹಿಸಬಹುದು.

ಈ ಕಾರ್ಯದಲ್ಲಿ ವಿಳಂಬವು ಸಲ್ಲದು. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತಾದುದರಿಂದ, ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಮತದ ಯಂತ್ರಕ್ಕೂ ನಡುವೆ ಎರಡು ಮೂರು ವರ್ಷಗಳ ಅಂತರ ಮಾತ್ರ ಉಳಿದಿದೆ. ಓದನ್ನು ಅಲ್ಲಿಗೆ ನಿಲ್ಲಿಸುವ ಬಡಮಕ್ಕಳಿಗೆ ಸಂವಿಧಾನದ ವಿಷಯವಾಗಿ ಗುರುಮುಖದಿಂದ ದೊರೆಯುವ ಕಡೆಯ ಪಾಠವು ಅದೇ.

ಅರಿವು ಆಚಾರವಾಗದೆ ಇದ್ದರೆ ಅದು ಭಾರವೇ ಹೊರತು ವಿದ್ಯೆಯಲ್ಲವೆಂಬುದು ಶರಣಪರಂಪರೆಯನ್ನು ಬಲ್ಲವರಿಗೆ ಹೊಸ ಮಾತಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ನಾನಾ ಜಾತಿಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಪ್ರಸ್ತಾವನೆಯ ಸಮಾನತೆ ಸಹೋದರತೆಗಳು ಪುಸ್ತಕದಿಂದ ಎಲೆಗೆ ಇಳಿದಂತಾಗುವುದು. ಉಂಡೆದ್ದ ಮಕ್ಕಳು ಶಾಲೆಯಲ್ಲಿ ಆ ಸಮಾನತೆಯ ಕಥೆಯನ್ನು, ಅದಕ್ಕಾಗಿ ವಾದಿಸಿದವರ, ಕಾದವರ, ದಾವೆ ಹೂಡಿದವರ ಕಥೆಯನ್ನು, ಕೇಳುವಂತಾಗಲಿ. ಆಗ ವಿಧೇಯತೆಗೆಂದು ಹುಟ್ಟಿದ ಪಾಠವು ವಿವೇಕದಲ್ಲಿ ಸಾರ್ಥಕವಾಗುವುದು.