ಗುಳೆ ಹೋದವರ ಊಟ

ಗುಳೆ ಎಂಬ ಮಾತು ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಕೀಲಿ ಹಾಕಿ, ಗಂಟು ಕಟ್ಟಿಕೊಂಡು, ವಯಸ್ಸಾದವರನ್ನು ಹಿಂದೆ ಬಿಟ್ಟು ಹೊರಡುವುದೇ ಗುಳೆ. ಕೂಲಿ ಎಷ್ಟು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿ ಏನು ಉಣ್ಣುತ್ತೀರಿ ಎಂದು ಕೇಳುವವರು ಕಡಿಮೆ.

1876ರಿಂದ 78ರವರೆಗಿನ ಬರಕ್ಕೆ ಹಿರಿಯರು ಧಾತು ವರ್ಷದ ಬರ ಎನ್ನುತ್ತಿದ್ದರು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ನಮ್ಮ ಭಾಗ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. ಸರಕಾರ ಕೆರೆ, ರಸ್ತೆಯ ಕಾಮಗಾರಿ ತೆಗೆಯಿತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ನನ ದರ್ಬಾರು ನಡೆಯಿತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಗಾಲದ ಕೂಲಿಯನ್ನು ಇಳಿಸಿದ: ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಚಿಲ್ಲರೆ ಕಾಸು. ಒಂದು ಪೌಂಡೆಂದರೆ ನಮ್ಮ ಅರ್ಧ ಕಿಲೋ ಕೂಡ ಆಗದು. ಹೆಣ್ಣಾಳಿಗೆ ಅಷ್ಟೂ ಇಲ್ಲ. ಕಲ್ಲು ಹೊರುವಾಗ ಮಾತ್ರ ಅವಳ ಬುಟ್ಟಿ ಹಗುರವಾಗಿತ್ತೇನು? ಇದರ ಜೊತೆಗೆ ಇನ್ನೊಂದು ನಿಯಮ, ಮನೆಯಿಂದ ಹತ್ತು ಮೈಲಿಯೊಳಗಿನ ಕಾಮಗಾರಿಯಲ್ಲಿ ಕೆಲಸವಿಲ್ಲ. ದೂರ ನಡೆದು ಬಂದವರೇ ನಿಜವಾಗಿ ಹಸಿದವರು ಎಂಬುದು ಆ ಲೆಕ್ಕ.

ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ಮೈಗೆ ಬರೀ ಕಾಳು ಸಾಲದು, ಬೇಳೆಯೂ ಬೇಕು ಎಂದು ವಾದಿಸಿದ. ಯಾವ ತಾಯಿಗೂ ಗೊತ್ತಿರುವ ಮಾತು! ಮದ್ರಾಸಿನಲ್ಲಿ ಆ ವರ್ಷವೇ ಕೂಲಿ ಏರಿತು.

ಆಗ ಮನೆ ಬಿಟ್ಟರೆ ಮಾತ್ರ ಅನ್ನ. ನಮ್ಮ ಕಾಲದಲ್ಲಿ ಮನೆ ಬಿಟ್ಟವರಿಗೇ ಅನ್ನ ತಪ್ಪಿತು. ರೇಷನ್ ಕಾರ್ಡು ಊರಿನ ಒಂದು ಅಂಗಡಿಗೆ ಕಟ್ಟಿದ ಕಾರ್ಡು. ಗೋವಾದಲ್ಲೋ ಬೆಂಗಳೂರಿನಲ್ಲೋ ಗಾರೆ ಕಲಸುವವರಿಗೆ ಅದು ಬರೀ ಕಾಗದ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಇದು ದೇಶಕ್ಕೆಲ್ಲ ಕಂಡಿತು. ಒಂದು ದೇಶ ಒಂದು ಪಡಿತರ ಚೀಟಿ ಎಂಬ ಯೋಜನೆ 2019ರಲ್ಲೇ ಶುರುವಾಗಿತ್ತು, ಎಲ್ಲ ರಾಜ್ಯಗಳನ್ನು ಮುಟ್ಟಿದ್ದು 2022ರ ಜೂನಿನಲ್ಲಿ. ಈಗ ಮಗ ಹೊರರಾಜ್ಯದಲ್ಲಿ ತನ್ನ ಪಾಲು ಪಡೆದು, ಉಳಿದದ್ದನ್ನು ತಾಯಿ ಊರಲ್ಲಿ ಪಡೆಯಬಹುದು. ಒಳ್ಳೆಯ ಏರ್ಪಾಡು, ನಾನು ಅದನ್ನು ಹಗುರ ಮಾಡಲಾರೆ. ಆದರೆ ಸಿಮೆಂಟಿನಲ್ಲಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸಬೇಕಲ್ಲ!

ಇನ್ನು ಆ ಕಾರ್ಡಿಗೆ ಸಿಗದವು ಬೇರೆಯೇ ಇವೆ. ಊರಲ್ಲಿ ಬದುವಿಗೆ ಹೋದರೆ ಹಕ್ಕರಕಿ, ಹಿತ್ತಲಲ್ಲಿ ಪುಂಡಿಪಲ್ಲೆ, ರಾಜಗಿರಿ. ಇವಕ್ಕೆ ದುಡ್ಡು ಕೊಟ್ಟವರಿಲ್ಲ. ಶಹರದಲ್ಲಿ ಒಂದು ಕಟ್ಟು ಸೊಪ್ಪಿಗೂ ರೊಕ್ಕ ಬಿಚ್ಚಬೇಕು. ಜೋಳದ ರೊಟ್ಟಿ ಬಡಿಯಲು ಹಿಟ್ಟು ಬೇಕು, ಹಂಚು ಬೇಕು, ಒಲೆಯ ಮುಂದೆ ಕೂಡಲು ಹೊತ್ತು ಬೇಕು. ತಗಡಿನ ಶೆಡ್ಡಿನಲ್ಲಿ ಬೆಳಗಿನ ಜಾವ ಎದ್ದು ಕೆಲಸಕ್ಕೆ ಓಡುವವಳು ಅನ್ನಕ್ಕಿಟ್ಟು ಮೇಲೆ ಖಾರದ ಸಾರು ಸುರಿಯುತ್ತಾಳೆ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಇದ್ದ ಬೇಳೆ ಗಂಡನಿಗೂ ಮಕ್ಕಳಿಗೂ ಬಡಿಸಿ ಮುಗಿದಿರುತ್ತದೆ.

ಮಕ್ಕಳ ಪಾಡು ನನಗೆ ಹಾಜರಿ ಪುಸ್ತಕದಲ್ಲೇ ಕಾಣುತ್ತದೆ. ನಮ್ಮ ಈ ಜಿಲ್ಲೆಗಳಲ್ಲಿ ಬಿಸಿಯೂಟ 2002ರಲ್ಲಿ ಬಂತು, 2013ರಲ್ಲಿ ಹಾಲು, ಆಮೇಲೆ ಮೊಟ್ಟೆ, ಬಾಳೆಹಣ್ಣು. ಇವೆಲ್ಲ ಶಾಲೆಯ ತಟ್ಟೆಗೆ ಬರುವಂಥವು. ದೀಪಾವಳಿ ಕಳೆದು ಕಬ್ಬು ಕಡಿಯಲು ಹೋದವರ ಮಕ್ಕಳ ಹೆಸರಿನ ಮುಂದೆ ನಾನು ಗೈರು ಎಂದು ಬರೆಯುತ್ತೇನೆ. ಅಂದಿನ ಅಡುಗೆಗೆ ಅಕ್ಕಿ ಅಳೆಯುವಾಗ ಅವರ ಲೆಕ್ಕ ಬಿಡುತ್ತಾರೆ.