ಬೆಟ್ಟದ ನಡಿಗೆಗೊಂದು ಕಾಲದ ಲೆಕ್ಕ

ಸ್ಕಾಟ್ಲೆಂಡಿನಲ್ಲಿ ಬೆಟ್ಟ ಹತ್ತುವ ಹವ್ಯಾಸ 19ನೆಯ ಶತಮಾನದ ಕೊನೆಯಲ್ಲಿ ಶಿಸ್ತಿನ ರೂಪ ಪಡೆಯಿತು. 1889ರಲ್ಲಿ ಸ್ಕಾಟಿಷ್ ಮೌಂಟನಿಯರಿಂಗ್ ಕ್ಲಬ್ ಸ್ಥಾಪನೆಯಾಯಿತು. 1891ರಲ್ಲಿ ಹ್ಯೂ ಮನ್ರೋ 3,000 ಅಡಿ ಮೀರಿದ ಶಿಖರಗಳ ಪಟ್ಟಿ ಪ್ರಕಟಿಸಿದರು. ಆ ಶಿಖರಗಳಿಗೆ ಇಂದಿಗೂ ಅವರದೇ ಹೆಸರು.

ಇದರಷ್ಟೇ ಮುಖ್ಯವಾದದ್ದು 1892ರ ಒಂದು ಪುಟ್ಟ ಟಿಪ್ಪಣಿ. ಕ್ಲಬ್ಬಿನ ಸ್ಥಾಪಕರಲ್ಲೊಬ್ಬರಾದ ವಿಲಿಯಂ ನೈಸ್ಮಿತ್ ಒಂದೇ ದಿನದಲ್ಲಿ, ಒಬ್ಬರೇ, ಕ್ರುವಾಖ್ ಆರ್ಡ್ರನ್, ಸ್ಟಾಬ್ ಬಿನ್ಯನ್, ಬೆನ್ ಮೋರ್ ಎಂಬ ಮೂರು ಶಿಖರಗಳನ್ನೇರಿ ಇಳಿದರು. ನಡೆದ ದೂರ 10 ಮೈಲಿ, ಒಟ್ಟು ಏರು 6,300 ಅಡಿ, ಹಿಡಿದ ಸಮಯ ಆರೂವರೆ ಗಂಟೆ. ಇದಕ್ಕೆ ಸರಿಹೊಂದುವ ಸೂತ್ರವನ್ನು ಅವರು ಕ್ಲಬ್ಬಿನ ಪತ್ರಿಕೆಯಲ್ಲಿ ಬರೆದರು: ನಕ್ಷೆಯ ಮೇಲಿನ ಪ್ರತಿ 3 ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅವರ ದಿನದ ದೂರಕ್ಕೆ 3 ಗಂಟೆ 20 ನಿಮಿಷ, ಏರಿಗೆ 3 ಗಂಟೆ 9 ನಿಮಿಷ. ಕೂಡಿದರೆ ಆರೂವರೆಗೆ ಒಂದೇ ನಿಮಿಷ ಕಡಿಮೆ. ಕತ್ತಲಿಗೆ ಮೊದಲೇ ಕೆಳಗಿಳಿಯಬೇಕಾದವರಿಗೆ ಇಷ್ಟು ಸರಳವಾದ, ಇಷ್ಟು ಉಪಯುಕ್ತವಾದ ಲೆಕ್ಕ ಅಪರೂಪ.

ಸೂತ್ರದಲ್ಲಿ ಇಳಿಜಾರಿನ ಪ್ರಸ್ತಾಪವಿಲ್ಲ. ಆ ಕೊರತೆಯನ್ನು ಎರಿಕ್ ಲ್ಯಾಂಗ್ಮ್ಯೂರ್ ಮುಂದೆ ತುಂಬಿದರು: ಸೌಮ್ಯ ಇಳಿಜಾರಿನಲ್ಲಿ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಬೇಕು, ಕಡಿದಾದ ಇಳಿಜಾರಿನಲ್ಲಿ ಅಷ್ಟೇ ಕೂಡಿಸಬೇಕು. ನೈಸ್ಮಿತ್ ಸೂತ್ರ ಸಮರ್ಥ ನಡಿಗೆಯವರ ಲೆಕ್ಕ. ಮಕ್ಕಳು, ಹೊಸಬರು, ಭಾರದ ಚೀಲ ಹೊತ್ತವರು ಇದಕ್ಕಿಂತ ಧಾರಾಳವಾಗಿ ಸಮಯ ಇಟ್ಟುಕೊಳ್ಳಬೇಕು.